ಆರ್ಕಿಡ್‌ಗೆ ಅಳತೆಯ ಕುಂಡ

“ಇದೇನ್ರೀ, ಇಷ್ಟೆತ್ತರದ ಗಿಡಕ್ಕೆ ಇಷ್ಟೇ ಇಷ್ಟು ಕುಂಡ! ಪಾಪ, ಉಸಿರು ಕಟ್ಟಿಸಿಬಿಟ್ಟಿದ್ದೀರಲ್ಲ!”

ನಮ್ಮ ಮನೆಯ ಜಗಲಿಗೆ ಬಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಹೀಗೆ ಅನ್ನದೆ ಹೋಗುವುದಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರಂತೂ ಕಾಫಿ ಮುಗಿಯುವುದರೊಳಗೆ ನನ್ನನ್ನು ಜಿಪುಣಿ ಎಂದು ತೀರ್ಮಾನಿಸಿಬಿಟ್ಟಿರುತ್ತಾರೆ. 2 ಅಡಿ ಎತ್ತರದ ಡೆಂಡ್ರೋಬಿಯಂ ಗಿಡ, ಅದಕ್ಕೆ 4 ಇಂಚಿನ ಮಣ್ಣಿನ ಕುಂಡ. ನೋಡಿದವರಿಗೆ ಹಾಗನ್ನಿಸುವುದು ಸಹಜವೇ. ಬೆಳೆಯುವ ಮಕ್ಕಳಿಗೆ ಲಂಗ ಹೊಲಿಸುವಾಗ ಇನ್ನೆರಡು ವರ್ಷ ಬರಲಿ ಎಂದು ಒಳಗೆ ಬಟ್ಟೆ ಮಡಿಸಿ ಬಿಡುವವರು ನಾವು. ಗಿಡಕ್ಕೂ ಹಾಗೇ ಮಾಡೋಣ ಅನ್ನಿಸುತ್ತದೆ.

ನಾನೂ ಹಾಗೇ ಮಾಡಿದ್ದೆ. ಮಾಡಿ, ಅಮ್ಮ ಕೊಟ್ಟ ಗಿಡವನ್ನು ಹೆಚ್ಚುಕಡಿಮೆ ಕೊಂದೇ ಬಿಟ್ಟಿದ್ದೆ.

ಅದು ಕ್ಯಾಟ್ಲಿಯಾ ಜಾತಿಯ ಆರ್ಕಿಡ್. ಅಂಗೈಯಗಲದ ನೇರಳೆ ಹೂವು, ಬೆಳಗಿನ ಹೊತ್ತು ಹತ್ತಿರ ಹೋದರೆ ಹಿತವಾದ ಪರಿಮಳ. ಕಾಫಿ ತೋಟದ ಮನೆಯೊಂದರಿಂದ ಅಮ್ಮ ಅದನ್ನು ಹೊಸದಾಗಿ ಮದುವೆಯಾದಾಗ ತಂದದ್ದಂತೆ. ಒಂದು ವರ್ಷ ಯುಗಾದಿಗೆ ತವರಿಗೆ ಹೋದಾಗ ಅಮ್ಮ ಕುಂಡದಿಂದ ಗಿಡವನ್ನು ತೆಗೆದು, ಎಂಟು ದಂಟುಗಳಿದ್ದದ್ದನ್ನು ಸರಿಯಾಗಿ ಎರಡು ಪಾಲು ಮಾಡಿದಳು. ನಾಲ್ಕು ದಂಟು ಅಕ್ಕನಿಗೆ, ನಾಲ್ಕು ನನಗೆ. ಒಡವೆ ಹಂಚುವಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ!

ಅಕ್ಕ ಸೋಮಾರಿ. 5 ಇಂಚಿನ ಹಳೆಯ ಕುಂಡವೊಂದಕ್ಕೆ ಅದನ್ನು ತುರುಕಿ ಕಿಟಕಿಗೆ ನೇತುಹಾಕಿದಳು. ನಾನೋ, ಅಮ್ಮನ ಗಿಡ ಅಂತ ವಿಶೇಷ ಮುತುವರ್ಜಿ ವಹಿಸಿ, 10 ಇಂಚಿನ ಸಿಮೆಂಟ್ ಕುಂಡ ತರಿಸಿ, ಕೆಂಪು ಬಣ್ಣ ಹೊಡೆಸಿ, ತೆಂಗಿನ ಸಿಪ್ಪೆ, ಇದ್ದಿಲು ಎಲ್ಲ ಕಂಠಪೂರ್ತಿ ತುಂಬಿ ನಡುಮಧ್ಯೆ ನೆಟ್ಟೆ. ಬೇಸಿಗೆ ಕಳೆಯಿತು, ಮಳೆ ಹಿಡಿಯಿತು. ಶ್ರಾವಣದ ಹೊತ್ತಿಗೆ ದಂಟುಗಳು ಸುಕ್ಕುಗಟ್ಟತೊಡಗಿದವು. ಎಲೆ ಜೋತುಬಿತ್ತು. ಬಾಯಾರಿದೆ ಅಂತ ಇನ್ನೊಂದು ಚೊಂಬು ನೀರು ಹಾಕಿದೆ. ಇನ್ನೂ ಸುಕ್ಕಾಯಿತು. ಮತ್ತೂ ಒಂದು ಚೊಂಬು ಹಾಕಿದೆ.

ದಸರೆಗೆ ಅಮ್ಮ ಬಂದಳು. ಕುಂಡದ ಮುಂದೆ ಕೂತು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, “ಒಂದು ಹಳೇ ಪೇಪರು ತಗೊಂಡು ಬಾ. ಚಾಕೂನೂ ತಾ” ಎಂದಳು.

ಗಿಡ ಎಳೆದರೆ ಕೈಗೇ ಬಂತು. ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ, ಹಿಸುಕಿದರೆ ನೀರು ಒಸರುತ್ತಿದ್ದವು. ಹುಳಿ ವಾಸನೆ. ಮೇಲಿನ ಸಿಪ್ಪೆ ಒಣಗಿದಂತೆ ಕಂಡರೂ ಕುಂಡದ ನಡುವೆ ಕೈ ಹಾಕಿದರೆ ಹಿಂಡಿ ತೆಗೆದ ಬಟ್ಟೆಯಷ್ಟು ತೇವ. “ಗಿಡ ನೋಡಿ ಕುಂಡ ಕೊಟ್ಟೆಯಲ್ಲೇ ನೀನು! ಬೇರು ನೋಡಿ ಕೊಡಬೇಕು” ಅಂದಳು ಅಮ್ಮ. ಬೈಗುಳ ಅಷ್ಟೇ. ನನಗೆ ಅದೇ ಸಾಕಾಗಿತ್ತು.

ಮರದ ಮೇಲಿನ ಜೀವ

ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಈ ಗಿಡಗಳ ಮೂಲ ನೋಡಬೇಕು. ಕ್ಯಾಟ್ಲಿಯಾದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಷ್ಟು ದೂರವೇಕೆ, ನಮ್ಮ ಮಲೆನಾಡಿನ ಸೀತಾಳೆ ದಂಡೆಯನ್ನೇ ನೋಡಿ. ಮಳೆಗಾಲದ ಬಾಗಿಲಲ್ಲಿ ಹಲಸಿನ ಮರದ ಮೇಲೆ ನರಿ ಬಾಲದ ಹಾಗೆ ಗೊಂಚಲು ಇಳಿಬಿಡುತ್ತದಲ್ಲ, ಅದೇ. (ಅಸ್ಸಾಮಿನಲ್ಲಿ ಇದಕ್ಕೆ ಕೊಪೌ ಫೂಲ್ ಅನ್ನುತ್ತಾರೆ, ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಗೆ ಸುತ್ತಿಕೊಳ್ಳುತ್ತಾರೆ, ಅಲ್ಲಿನ ರಾಜ್ಯಪುಷ್ಪವೂ ಇದೇ.) ಅದಕ್ಕೆ ಯಾರು ಕುಂಡ ಕೊಟ್ಟರು? ಹಿಡಿ ಮಣ್ಣಾದರೂ ಉಂಟೇ? ಬೇರುಗಳು ತೊಗಟೆಯನ್ನು ಅಪ್ಪಿಕೊಂಡು, ಅರ್ಧಕ್ಕರ್ಧ ಗಾಳಿಯಲ್ಲೇ ಇರುತ್ತವೆ. ಮಳೆ ಬಂದಾಗ ನೆನೆಯುತ್ತವೆ, ಮಳೆ ನಿಂತರೆ ಗಾಳಿಗೆ ಆರುತ್ತವೆ.

ಆ ಬೇರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹೊರಗೆ ಬೆಳ್ಳನೆಯ ದಪ್ಪ ಹೊದಿಕೆ ಇರುತ್ತದೆ. ಸಸ್ಯಶಾಸ್ತ್ರದವರು ಇದನ್ನು ವೆಲಾಮೆನ್ ಎನ್ನುತ್ತಾರೆ. ಇದು ಸ್ಪಂಜಿನ ಹಾಗೆ. ನೀರು ಬಿದ್ದ ಕೂಡಲೇ ಹೀರಿಕೊಳ್ಳುತ್ತದೆ. ಒಣಗಿದ್ದಾಗ ಬೆಳ್ಳಗೆ, ನೆನೆದಾಗ ಹಸಿರಾಗಿ ಕಾಣುತ್ತದೆ. ಆದರೆ ಪಾತ್ರೆ ತಿಕ್ಕುವ ಸ್ಪಂಜನ್ನು ಸದಾ ನೀರಲ್ಲೇ ಬಿಟ್ಟರೆ ಏನಾಗುತ್ತದೆ, ನಿಮಗೇ ಗೊತ್ತಲ್ಲ? ಬೇರಿನ ಗತಿಯೂ ಅದೇ. ಗಾಳಿಯಿಲ್ಲದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ಆಗ ನೀರಿನ ನಡುವೆಯೇ ಗಿಡ ಬಾಯಾರಿ ಸುಕ್ಕಾಗುತ್ತದೆ. ನಾವು ನೋಡಿ ಮರುಗಿ ಇನ್ನೊಂದು ಚೊಂಬು ಹುಯ್ಯುತ್ತೇವೆ!

ಈ ದಡ್ಡತನದಲ್ಲಿ ನನಗೆ ದೊಡ್ಡ ದೊಡ್ಡವರೇ ಜೊತೆಗಾರರು ಅನ್ನುವುದೊಂದು ಸಮಾಧಾನ. 19ನೇ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಸಿರಿವಂತರು ಬಿಸಿನಾಡುಗಳಿಂದ ಹಡಗುಗಟ್ಟಲೆ ಆರ್ಕಿಡ್ ತರಿಸಿ, ಗಾಳಿಯಾಡದ ಗಾಜಿನಮನೆಗಳಲ್ಲಿ ಬಿಸಿ ಹಬೆಯಲ್ಲಿಟ್ಟು ಸಾವಿರಗಟ್ಟಲೆ ಕಳೆದುಕೊಂಡರು. 1830ರ ದಶಕದಲ್ಲಿ ಚಾಟ್ಸ್‌ವರ್ತ್‌ನಲ್ಲಿ ಡ್ಯೂಕ್ ಆಫ್ ಡೆವನ್‌ಶೈರ್ ಅವರ ತೋಟ ನೋಡಿಕೊಳ್ಳುತ್ತಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಅಂಥವರು ಗಾಜಿನಮನೆಗೆ ಗಾಳಿ ಬಿಟ್ಟು, ಬಿಸಿ ತಗ್ಗಿಸಿದ ಮೇಲೇ ಗಿಡಗಳು ಚೇತರಿಸಿಕೊಂಡದ್ದು.

ಎಂಟು ಪಟ್ಟಿನ ಲೆಕ್ಕ

ಅಕ್ಕನ ಕುಂಡ 5 ಇಂಚು, ನನ್ನದು 10. ಎರಡು ಪಟ್ಟು ದೊಡ್ಡದು ಅಂತ ನಾನು ತಿಳಿದಿದ್ದೆ. ಅಮ್ಮ ನಕ್ಕು, “ಅಳೆದು ನೋಡು” ಅಂದಳು. ಸಣ್ಣ ಕುಂಡದಲ್ಲಿ ಮರಳು ತುಂಬಿ ತುಂಬಿ ದೊಡ್ಡದಕ್ಕೆ ಸುರಿದೆ. ಒಂದು, ಎರಡು, ಮೂರು… ಎಂಟನೇ ಸಲಕ್ಕೆ ತುಂಬಿತು. ಅಗಲ, ಉದ್ದ, ಆಳ ಮೂರೂ ಎರಡು ಪಟ್ಟಾದಾಗ ಹಿಡಿಸುವುದು ಎಂಟು ಪಟ್ಟಾಗುತ್ತದೆ. ಶಾಲೆಯಲ್ಲಿ ಕಲಿತದ್ದೇ; ಅಡುಗೆಮನೆಗೆ ಬಂದ ಮೇಲೆ ಮರೆತದ್ದು. ಒಂದು ಹಿಡಿ ಬೇರಿಗೆ ಎಂಟು ಕುಂಡದಷ್ಟು ಒದ್ದೆ ಸಿಪ್ಪೆ! ಬೇರು ಕುಡಿಯುವುದು ಹತ್ತಿರದ ನೀರನ್ನು ಮಾತ್ರ. ಉಳಿದದ್ದು ಅಲ್ಲೇ ನಿಂತು ಹಳಸುತ್ತದೆ.

ಇನ್ನೊಂದು ಲೆಕ್ಕವನ್ನೂ ನೆನಪಿಡಿ. ಒಂದೇ ಆಕಾರದ ಕುಂಡಗಳಾದರೆ, 4 ಇಂಚಿನಿಂದ 5 ಇಂಚಿಗೆ ಹೋದರೂ ಹಿಡಿಸುವುದು ಸುಮಾರು ಎರಡು ಪಟ್ಟಾಗುತ್ತದೆ. 4ರಿಂದ 6ಕ್ಕೆ ಹಾರಿದಿರೋ, ಮೂರು ಪಟ್ಟಿಗಿಂತ ಹೆಚ್ಚು. ಆದ್ದರಿಂದಲೇ ಬಲ್ಲವರು ಒಂದೊಂದೇ ಇಂಚು ಏರಿಸಿ ಅನ್ನುವುದು. ಆ ಒಂದು ಇಂಚೇ ಗಿಡಕ್ಕೆ ದೊಡ್ಡ ಮನೆ.

ಕುಂಡ ಬದಲಿಸುವ ದಿನ

ಮೊದಲು, ಬದಲಿಸಲೇಬೇಕೇ ಅಂತ ನೋಡಿಕೊಳ್ಳಿ. ಬೇರು ಹೊರಗೆ ಜೋತಾಡುತ್ತಿದೆ ಅನ್ನುವುದೊಂದೇ ಕಾರಣವಲ್ಲ. ಗಾಳಿಯಲ್ಲಿರುವುದು ಅದಕ್ಕೆ ಇಷ್ಟವೇ. ಹೊಸ ಚಿಗುರು ಅಂಚು ದಾಟಿ ಹೊರಗೆ ಹೋಗುತ್ತಿದ್ದರೆ, ಅಥವಾ ಸಿಪ್ಪೆ ಕೊಳೆತು ಕಾಫಿಯ ಚರಟದ ಹಾಗೆ ಪುಡಿಪುಡಿಯಾಗಿ ನೀರು ಕೂಡಲೇ ಬಸಿಯದಿದ್ದರೆ, ಆಗ ಬದಲಿಸಿ. ತೆಂಗಿನ ಸಿಪ್ಪೆ ಹಾಕಿದ ಕುಂಡಕ್ಕೆ ಸುಮಾರು ಎರಡು ವರ್ಷಕ್ಕೊಮ್ಮೆ ಈ ಕೆಲಸ ಬರುತ್ತದೆ. ಹೂ ಬಿಟ್ಟಿರುವಾಗ ಮುಟ್ಟಬೇಡಿ. ಹೂ ಮುಗಿದು, ಹೊಸ ಚಿಗುರಿನ ಬುಡದಲ್ಲಿ ಹೊಸ ಬೇರಿನ ಮೊನೆ ಹಸಿರಾಗಿ ಇಣುಕುತ್ತದಲ್ಲ, ಅದು ಸರಿಯಾದ ಹೊತ್ತು. ನಮ್ಮ ಕಡೆ ಬಹಳ ಗಿಡಗಳಿಗೆ ಇದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುಂಚೆ ಬರುತ್ತದೆ.

ಕುಂಡವನ್ನು ಅರ್ಧ ಗಂಟೆ ನೀರಿನಲ್ಲಿಡಿ. ಬೇರು ಸಡಿಲಾಗುತ್ತದೆ. ಆದರೂ ಮಣ್ಣಿನ ಕುಂಡಕ್ಕೆ ಕಚ್ಚಿಕೊಂಡ ಬೇರು ಬಿಡುವುದಿಲ್ಲ. ಆಗ ಎಳೆದಾಡಬೇಡಿ, ಕುಂಡವನ್ನೇ ಒಡೆಯಿರಿ. ಬೇರು ಹಿಡಿದಿರುವ ಚೂರನ್ನು ಹಾಗೇ ಹೊಸ ಕುಂಡಕ್ಕೆ ಇಡಬಹುದು. ಕತ್ತರಿ ಅಥವಾ ಚಾಕುವಿನ ಅಲಗನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ, ಆರಿಸಿ ಬಳಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಕಾಯಿಸಿ. ವೈರಸ್ ರೋಗಗಳು ಚಾಕುವಿನ ಮೂಲಕವೇ ಗಿಡದಿಂದ ಗಿಡಕ್ಕೆ ಹತ್ತುತ್ತವೆ.

ಗಟ್ಟಿಯಾಗಿ ಬೆಳ್ಳಗೋ ಹಸಿರಾಗೋ ಇರುವ ಬೇರು ಜೀವಂತ. ಹಿಸುಕಿದರೆ ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ಒಳಗೆ ದಾರದಂತೆ ಉಳಿಯುವುದು ಸತ್ತದ್ದು, ಕತ್ತರಿಸಿ. ಕತ್ತರಿಸಿದ ಗಾಯಕ್ಕೆ ಅಡುಗೆಮನೆಯ ಚಕ್ಕೆಯನ್ನೇ ನುಣ್ಣಗೆ ಪುಡಿ ಮಾಡಿ ಚಿಟಿಕೆಯಷ್ಟು ಹಚ್ಚಿದರೆ ಬೂಷ್ಟು ಹಿಡಿಯುವುದಿಲ್ಲ. ಗಾಯಕ್ಕೆ ಮಾತ್ರ! ಒಳ್ಳೆಯ ಬೇರಿಗೆ ತಾಗಿದರೆ ಅದು ಒಣಗಿಹೋಗುತ್ತದೆ.

ಈಗ ಅಳತೆ. ಕುಂಡ ಕೊಳ್ಳುವುದು ಈ ಹಂತದಲ್ಲಿ, ಮುಂಚೆ ಅಲ್ಲ. ಉಳಿದ ಜೀವಂತ ಬೇರುಗಳನ್ನೆಲ್ಲ ಜಡೆ ಹಿಡಿದ ಹಾಗೆ ಮೆತ್ತಗೆ ಒಟ್ಟುಗೂಡಿಸಿ. ಕುಂಡದೊಳಗೆ ಇಟ್ಟಾಗ ಸುತ್ತಲೂ ಒಂದು ಬೆರಳಿನಷ್ಟು ಜಾಗ ಉಳಿಯಬೇಕು, ಅಷ್ಟೇ. ಎರಡು ಬೆರಳು ಹೋದರೆ ಕುಂಡ ದೊಡ್ಡದಾಯಿತು. ಬೇರು ಬಹಳ ಕೊಳೆತು ಕತ್ತರಿಸಬೇಕಾಗಿ ಬಂದಿದ್ದರೆ, ಮೊದಲಿದ್ದದ್ದಕ್ಕಿಂತ ಚಿಕ್ಕ ಕುಂಡಕ್ಕೇ ಇಳಿಸಬೇಕು. ಇದನ್ನು ಒಪ್ಪಿಕೊಳ್ಳುವುದು ನಮಗೆಲ್ಲ ಕಷ್ಟ. ಕಾಯಿಲೆ ಬಿದ್ದ ಗಿಡಕ್ಕೆ ವಿಶಾಲವಾದ ಜಾಗ ಕೊಡೋಣ ಅನ್ನಿಸುತ್ತದೆ. ಹಾಗೆ ಕೊಟ್ಟ ಜಾಗವೇ ಅದನ್ನು ತೀರಿಸಿಬಿಡುತ್ತದೆ.

ಅಮ್ಮ ಮಾಡಿದ್ದೂ ಇದನ್ನೇ. ನನ್ನ ನಾಲ್ಕು ದಂಟಿನಲ್ಲಿ ಎರಡು ಬುಡದಲ್ಲೇ ಕಪ್ಪಾಗಿದ್ದವು, ಅವನ್ನು ಬಿಸುಟಳು. ಉಳಿದ ಎರಡಕ್ಕೆ ಇದ್ದದ್ದು ಮೂರೇ ಬೇರು. ಮೊಸರಿನ ಮಣ್ಣಿನ ಕುಡಿಕೆಯೊಂದು ಮೂಲೆಯಲ್ಲಿತ್ತು, 3 ಇಂಚಿನದು. ಮೊಳೆಯಿಂದ ಅದರ ತಳಕ್ಕೂ ಪಕ್ಕಕ್ಕೂ ಮೆಲ್ಲಗೆ ತೂತು ಕೊರೆದು, ಇದ್ದಿಲು ಮತ್ತು ಹೆಂಚಿನ ಚೂರು ಹಾಕಿ, ಗಿಡ ಇಟ್ಟು, ಅಲ್ಲಾಡದ ಹಾಗೆ ಒಂದು ಕಡ್ಡಿಗೆ ಕಟ್ಟಿದಳು. “ಒಂದು ವಾರ ನೀರು ಹಾಕಿದೆಯೋ, ನೋಡು!” ಅಂತ ಗದರಿ ಹೋದಳು. ಕತ್ತರಿಸಿದ ಬೇರಿನ ಗಾಯ ಒಣಗಬೇಕಲ್ಲ, ಅದಕ್ಕೆ. ಎಲೆಗೆ ಮಾತ್ರ ಬೆಳಿಗ್ಗೆ ಒಂದಿಷ್ಟು ನೀರು ಚಿಮುಕಿಸುತ್ತಿದ್ದೆ.

ಎಲ್ಲಕ್ಕೂ ಒಂದೇ ಸೂತ್ರವೇ?

ಅಲ್ಲ. ಗಿಡ ಯಾವ ಕಡೆಗೆ ಬೆಳೆಯುತ್ತದೆ ಅಂತ ನೋಡಬೇಕು. ಕ್ಯಾಟ್ಲಿಯಾ ತೆವಳುವ ಗಿಡ. ಪ್ರತಿ ಹೊಸ ದಂಟು ಹಳೆಯದರ ಮುಂದೆ ಹೆಜ್ಜೆ ಇಡುತ್ತದೆ. ಅದನ್ನು ಕುಂಡದ ಮಧ್ಯೆ ನೆಟ್ಟರೆ ಹಿಂದಿನ ಜಾಗವೆಲ್ಲ ದಂಡ. ಹಳೆಯ ದಂಟನ್ನು ಅಂಚಿಗೆ ಒತ್ತಿ ಇಟ್ಟು, ಹೊಸ ಚಿಗುರಿನ ಮುಂದೆ ಎರಡು ವರ್ಷದ ಬೆಳವಣಿಗೆಗೆ, ಅಂದರೆ ಎರಡು ಹೊಸ ದಂಟಿಗೆ ಸಾಕಾಗುವಷ್ಟು ಜಾಗ ಬಿಡಿ. ಇದರಲ್ಲಿ ಮಾತ್ರ ಲಂಗದ ಮಡಿಕೆಯ ಲೆಕ್ಕ ಸರಿ, ಆದರೆ ಒಂದೇ ಪಕ್ಕಕ್ಕೆ! ಪಾಲು ಮಾಡುವಾಗಲೂ ಒಂದೊಂದರಲ್ಲಿ ಮೂರು ನಾಲ್ಕು ದಂಟಾದರೂ ಇರಲಿ.

ಡೆಂಡ್ರೋಬಿಯಂ ಇಕ್ಕಟ್ಟನ್ನೇ ಇಷ್ಟಪಡುವ ಗಿಡ. ಅದರ ಒಂದೇ ತೊಂದರೆ, ಎತ್ತರಕ್ಕೆ ಬೆಳೆದು ಗಾಳಿಗೆ ಕುಂಡಸಹಿತ ಮಗುಚುವುದು. ಅದಕ್ಕಾಗಿ ದೊಡ್ಡ ಕುಂಡಕ್ಕೆ ಹೋಗಬೇಡಿ. ಕುಂಡದ ತಳಕ್ಕೆ ನಾಲ್ಕು ಭಾರದ ಕಲ್ಲು ಹಾಕಿ, ಇಲ್ಲವೇ ಸಣ್ಣ ಕುಂಡವನ್ನು ಹಾಗೇ ಒಂದು ದೊಡ್ಡ ಖಾಲಿ ಕುಂಡದೊಳಗೆ ನಿಲ್ಲಿಸಿ. ನಡುವೆ ಏನೂ ತುಂಬಬೇಡಿ, ಗಾಳಿಯಾಡಲಿ. ನೋಡುವವರ ಕಣ್ಣಿಗೂ ತೃಪ್ತಿ, ಬೇರಿಗೂ ಸುಖ. ನನ್ನನ್ನು ಜಿಪುಣಿ ಅನ್ನುವವರು ಬರುವ ದಿನ ನಾನೂ ಈ ಉಪಾಯ ಮಾಡುವುದುಂಟು.

ಈಚೆಗೆ ಎಲ್ಲ ಊರಿನ ನರ್ಸರಿಗಳಲ್ಲೂ ಫೆಲನಾಪ್ಸಿಸ್ ಬರುತ್ತಿದೆ. ಚಿಟ್ಟೆಯಂಥ ಹೂವು, ಅಗಲವಾದ ಎಲೆ, ಪಾರದರ್ಶಕ ಪ್ಲಾಸ್ಟಿಕ್ ಕುಂಡ. ಇದು ತೆವಳುವುದಿಲ್ಲ, ಒಂದೇ ಕಾಂಡ ನೇರ ಮೇಲಕ್ಕೆ. ಆದ್ದರಿಂದ ನಡುಮಧ್ಯೆಯೇ ಇಡಬೇಕು. ಎಷ್ಟೋ ಸಲ ಕುಂಡ ದೊಡ್ಡದು ಮಾಡುವ ಅಗತ್ಯವೇ ಇಲ್ಲ. ಹಳೆಯ ಕುಂಡ ತೊಳೆದು, ಹೊಸ ಸಿಪ್ಪೆ ಹಾಕಿ ಅದರಲ್ಲೇ ಕೂರಿಸಬಹುದು. ಕೊಂಡು ತಂದದ್ದರ ಬೇರಿನ ನಡುವೆ ಒದ್ದೆ ಪಾಚಿಯ ಒಂದು ಉಂಡೆ ಇರುವುದುಂಟು. ಕುಂಡ ಬದಲಿಸುವಾಗ ಅದನ್ನು ಬಿಡಿಸಿ ತೆಗೆಯಿರಿ. ಅದೊಂದು ಸದಾ ಒದ್ದೆಯಾಗಿದ್ದು ಒಳಗಿನಿಂದಲೇ ಕೊಳೆಸುತ್ತದೆ.

ವಾಂಡಾ, ಸೀತಾಳೆ ದಂಡೆಗಳಿಗೆ ಕುಂಡವೇ ಬೇಡ. ಮರದ ಪಟ್ಟಿಯ ಬುಟ್ಟಿಯೋ ಕೊರಡೋ ಸಾಕು. (ಕಾಡಿನ ಮರದಿಂದ ಕಿತ್ತು ತರಬೇಡಿ, ಮಳೆಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸಿಕ್ಕಿದರೆ ನಿಮ್ಮ ಅದೃಷ್ಟ.) ಇನ್ನು ಅಂಗಳದಲ್ಲಿ ಬೆಳೆಯುವ ನೆಲದ ಆರ್ಕಿಡ್, ಅದೇ ಸ್ಪಾಥೋಗ್ಲಾಟಿಸ್, ಮಣ್ಣಿನ ಗಿಡ. ಅದಕ್ಕೆ ಈ ಪುರಾಣವೆಲ್ಲ ಅನ್ವಯಿಸುವುದಿಲ್ಲ.

“ನಮ್ಮದು ಬಳ್ಳಾರಿ, ಸಣ್ಣ ಕುಂಡ ಮಧ್ಯಾಹ್ನಕ್ಕೇ ಒಣಗಿಹೋಗುತ್ತೆ” ಅಂತ ಗೆಳತಿಯೊಬ್ಬಳ ದೂರು. ನಿಜ. ಅಲ್ಲಿಯೂ ಅಳತೆ ಬದಲಿಸುವುದಕ್ಕಿಂತ ಕುಂಡದ ಜಾತಿ ಬದಲಿಸುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಮಣ್ಣಿನ ಕುಂಡ ಮೈಯಿಂದಲೇ ನೀರು ಆರಿಸುತ್ತದೆ, ಪ್ಲಾಸ್ಟಿಕ್ ಹಿಡಿದಿಡುತ್ತದೆ. ಬಯಲುಸೀಮೆಯವರು ಅದೇ ಅಳತೆಯ ಪ್ಲಾಸ್ಟಿಕ್ ಕುಂಡಕ್ಕೆ ಹೋಗಿ, ತೆಂಗಿನ ಸಿಪ್ಪೆಯ ಪಾಲು ಹೆಚ್ಚಿಸಲಿ. ಮಲೆನಾಡು, ಕರಾವಳಿಯವರಿಗೆ ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡವೇ ಸರಿ. ಹೆಂಚಿನ ಚೂರು, ಇದ್ದಿಲು ಜಾಸ್ತಿ ಇರಲಿ. ಸಿಪ್ಪೆಯನ್ನು ಎಲ್ಲರೂ ಎರಡು ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಹಾಕಿ, ಕೆಂಪು ಕಷಾಯ ಹೋದ ಮೇಲೇ ಬಳಸಬೇಕು.

ಕುಂಡದ ಒಳಗಿನ ತೇವ ತಿಳಿಯಲು ದುಬಾರಿ ಯಂತ್ರ ಬೇಡ. ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿಗಳು ದೇವರ ಮನೆಯಲ್ಲಿ ಇರುತ್ತವಲ್ಲ? ಒಂದನ್ನು ಕುಂಡದ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಂಪಾಗಿ, ಬಣ್ಣ ಗಾಢವಾಗಿ ಬಂದರೆ ಆ ದಿನ ನೀರು ಬೇಡ. ನೀರು ಹಾಕಿ ನಾಲ್ಕೈದು ದಿನವಾದರೂ ಕಡ್ಡಿ ಒದ್ದೆಯಾಗಿಯೇ ಬರುತ್ತಿದ್ದರೆ, ಮಳೆಯೂ ತಾಗುತ್ತಿಲ್ಲವಾದರೆ, ಕುಂಡ ದೊಡ್ಡದಾಗಿದೆ ಇಲ್ಲವೇ ಸಿಪ್ಪೆ ಕೊಳೆತಿದೆ ಅಂತಲೇ ಅರ್ಥ.

ನನ್ನ ಕುಡಿಕೆಯ ಗಿಡದ ಕಥೆ ಹೇಳದೆ ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಒಂದು ಬಡಕಲು ಚಿಗುರು ಬಂತು, ಹೆಬ್ಬೆರಳಿನಷ್ಟು ಉದ್ದ. ಎರಡನೆಯ ವರ್ಷ ಸ್ವಲ್ಪ ಗಟ್ಟಿಮುಟ್ಟಾದದ್ದು ಬಂತು, ಆಗ 4 ಇಂಚಿನ ಕುಂಡಕ್ಕೆ ಏರಿಸಿದೆ. ಅಕ್ಕನ ಕಿಟಕಿಯಲ್ಲಿ ಅಷ್ಟು ಹೊತ್ತಿಗೆ ಎರಡು ಸಲ ಹೂ ಬಿಟ್ಟು, ಅವಳು ಫೋಟೋ ತೆಗೆದು ಕಳಿಸಿ ನನ್ನನ್ನು ಉರಿಸಿಯಾಗಿತ್ತು. ಮೂರನೆಯ ವರ್ಷ ಕಾರ್ತಿಕದಲ್ಲಿ ನನ್ನದರಲ್ಲೂ ಎರಡು ಹೂ ಅರಳಿದವು. ಅಮ್ಮ ನೋಡಲಿಲ್ಲ. ಆ ಆಷಾಢದಲ್ಲೇ ಹೋಗಿಬಿಟ್ಟಿದ್ದಳು. ಒಂದು ಹೂವನ್ನು ಅವಳ ಪಟದ ಮುಂದಿಟ್ಟೆ. ಇನ್ನೊಂದನ್ನು ಕೀಳಲು ಮನಸ್ಸು ಬರಲಿಲ್ಲ. ಗಿಡದಲ್ಲೇ ಮೂರು ವಾರ ಇತ್ತು.

ಈಗ ಅದು 6 ಇಂಚಿನ ಕುಂಡದಲ್ಲಿದೆ, ಒಂಬತ್ತು ದಂಟು. ಬೆಂಗಳೂರಿನಲ್ಲಿರುವ ಮಗಳು ತನ್ನ ಫ್ಲ್ಯಾಟಿನ ಬಾಲ್ಕನಿಗೆ ಅರ್ಧ ಕೊಡಮ್ಮಾ ಅಂತ ದುಂಬಾಲು ಬಿದ್ದಿದ್ದಾಳೆ. ಅದಕ್ಕಾಗಿ ನೀಲಿ ಬಣ್ಣದ ದೊಡ್ಡ ಪಿಂಗಾಣಿ ಕುಂಡವನ್ನೂ ಕೊಂಡಿಟ್ಟಿದ್ದಾಳಂತೆ. ಫೋನಿನಲ್ಲಿ ಅಳತೆ ಕೇಳಿದೆ, 12 ಇಂಚು ಅಂದಳು. ಹೊಸ ಬೇರು ಇಣುಕಿದೆ, ಬರುವ ಭಾನುವಾರ ಪಾಲು ಮಾಡುತ್ತೇನೆ. ನಾಲ್ಕು ದಂಟನ್ನು 5 ಇಂಚಿನ ಮಣ್ಣಿನ ಕುಂಡದಲ್ಲಿ ನಾನೇ ಕೂರಿಸಿ, ಕಡ್ಡಿಗೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟು ಬರುವುದು. ಕುಂಡಸಹಿತ ಅವಳ ಪಿಂಗಾಣಿಯೊಳಗೆ ಇಟ್ಟುಕೊಳ್ಳಲಿ.